ಮೂಗಿನಲ್ಲಿ ಗೆಲ್ಲುವ ಕೊರೊನಾ ಶ್ವಾಸಕೋಶದಲ್ಲಿ ಸೋಲುವುದೇಕೆ?

2025ರ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಕೋವಿಡ್ ಮತ್ತೆ ಸುದ್ದಿಯಲ್ಲಿತ್ತು. ಕೇರಳ, ಮಹಾರಾಷ್ಟ್ರ, ದೆಹಲಿ, ಕರ್ನಾಟಕಗಳಲ್ಲಿ ಪ್ರಕರಣಗಳು ಏರಿ, ದೇಶದ ಸಕ್ರಿಯ ಪ್ರಕರಣಗಳ ಸಂಖ್ಯೆ 7 ಸಾವಿರ ದಾಟಿತು. ಎಲ್‌ಎಫ್.7, ಎನ್‌ಬಿ.1.8.1, ಎಕ್ಸ್‌ಎಫ್‌ಜಿ ಎಂಬ, ವಾಹನ ನೋಂದಣಿ ಸಂಖ್ಯೆಯಂತಹ ಹೆಸರಿನ ಉಪತಳಿಗಳು ಟಿವಿ ಪರದೆಯ ಮೇಲೆ ಹರಿದಾಡಿದವು. ಆಸ್ಪತ್ರೆಗಳು ತುಂಬಲಿಲ್ಲ, ಆಮ್ಲಜನಕಕ್ಕೆ ಪರದಾಟ ನಡೆಯಲಿಲ್ಲ. ಕೆಲವೇ ವಾರಗಳಲ್ಲಿ ಅಲೆ ತಾನಾಗಿಯೇ ಇಳಿಯಿತು.

ಇಳಿಯದೆ ಉಳಿದದ್ದು ಜನರ ಗೊಂದಲ. ದೇಶದಲ್ಲಿ 220 ಕೋಟಿ ಡೋಸ್ ಲಸಿಕೆ ಹಾಕಿದ್ದಾಗಿದೆ. ಸೋಂಕು ತಗಲದೆ ಉಳಿದವರನ್ನು ಹುಡುಕಬೇಕಾದ ಸ್ಥಿತಿ. ಇಷ್ಟಾದ ಮೇಲೂ ಸೋಂಕು ಬರುತ್ತದೆ ಎಂದರೆ ರೋಗನಿರೋಧಕ ಶಕ್ತಿ ಬಂದಿಲ್ಲವೆಂದೇ ಅರ್ಥವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಂದಿರುವುದರಿಂದಲೇ ಆಸ್ಪತ್ರೆ ಖಾಲಿ ಇದೆ, ಇನ್ನು ಈ ಮಾತೇ ಬೇಡ ಎಂದು ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ಎದುರುಬದುರು ನಿಂತ ಈ ಎರಡೂ ವಾದಗಳ ತಳದಲ್ಲಿರುವ ತಪ್ಪು ಒಂದೇ: ರೋಗನಿರೋಧಕತೆಯನ್ನು ಅಳತೆಗೆ ಸಿಗುವ ಒಂದು ಮೊತ್ತವೆಂದು ಎಣಿಸುವುದು. ಎಷ್ಟಿದೆ ಎಂಬುದಕ್ಕಿಂತ ದೇಹದ ಯಾವ ಜಾಗದಲ್ಲಿದೆ, ಸೋಂಕಿನ ಯಾವ ದಿನ ಕೆಲಸಕ್ಕೆ ಇಳಿಯುತ್ತದೆ ಎಂಬುದೇ ಕೊರೊನಾ ವಿಷಯದಲ್ಲಿ ನಿರ್ಣಾಯಕ.

ಮೊದಲ ಎರಡು ದಿನ

ವೈರಾಣುವಿನ ಮೈಮೇಲಿನ ಸ್ಪೈಕ್ ಪ್ರೋಟೀನ್ ನಮ್ಮ ಜೀವಕೋಶಗಳ ಎಸಿಇ2 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುವುದರಿಂದ ಸೋಂಕು ಶುರುವಾಗುತ್ತದೆ. ಮೂಗಿನ ಒಳಪದರದಲ್ಲಿ ಈ ಗ್ರಾಹಕ ಸಾಕಷ್ಟಿದೆ. ಒಳಹೊಕ್ಕ ವೈರಾಣು ತನ್ನ ಆರ್‌ಎನ್‌ಎಯನ್ನು ನಕಲು ಮಾಡತೊಡಗಿದಾಗ, ಇದು ತನ್ನದಲ್ಲದ ಆರ್‌ಎನ್‌ಎ ಎಂದು ಜೀವಕೋಶದೊಳಗಿನ ಸಂವೇದಕಗಳು ಗುರುತಿಸುತ್ತವೆ. ಆಗ ಜೀವಕೋಶವು ಇಂಟರ್ಫೆರಾನ್ ಎಂಬ ಸಂದೇಶವಾಹಕ ಪ್ರೋಟೀನನ್ನು ಹೊರಬಿಡುತ್ತದೆ. ಅದು ತಲುಪಿದ ನೆರೆಯ ಜೀವಕೋಶಗಳು ವೈರಾಣು ಬರುವ ಮೊದಲೇ ನೂರಾರು ವಂಶವಾಹಿಗಳನ್ನು ಚಾಲೂ ಮಾಡಿ, ನಕಲು ಕೆಲಸಕ್ಕೆ ಅಡ್ಡಿಯಾಗುವ ಸ್ಥಿತಿಗೆ ಬರುತ್ತವೆ. ಹಿಂದೆ ಈ ರೋಗಾಣುವನ್ನು ಕಂಡಿರಬೇಕೆಂಬ ನಿಯಮ ಇದಕ್ಕಿಲ್ಲ. ಇದು ಹುಟ್ಟಿನಿಂದಲೇ ಬಂದ ರಕ್ಷಣೆ.

ಈ ಹಂತದಲ್ಲಿಯೇ ವೈರಾಣು ತನ್ನ ಚಾಲಾಕಿತನ ತೋರಿಸುವುದು. ಅದರ ಎನ್‌ಎಸ್‌ಪಿ1 ಪ್ರೋಟೀನ್ ಜೀವಕೋಶದ ರೈಬೋಸೋಮಿಗೆ ಅಡ್ಡ ಕುಳಿತು, ನಮ್ಮ ಪ್ರೋಟೀನುಗಳ ತಯಾರಿಕೆಯನ್ನೇ ನಿಧಾನಗೊಳಿಸುತ್ತದೆ. ಓಆರ್‌ಎಫ್6 ಎಂಬ ಇನ್ನೊಂದು ಪ್ರೋಟೀನ್ ಇಂಟರ್ಫೆರಾನಿನ ಸಂಕೇತ ಜೀವಕೋಶದ ಕೇಂದ್ರವನ್ನು ಮುಟ್ಟದಂತೆ ತಡೆಯುತ್ತದೆ. ಎಚ್ಚರಿಕೆ ತಡವಾದಷ್ಟೂ ವೈರಾಣುವಿಗೆ ಬೆಳೆಯಲು ಅವಕಾಶ.

ಈ ಆರಂಭಿಕ ಗಂಟೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಎಷ್ಟು ಬೇರೆ ಎಂಬುದನ್ನು ತೋರಿಸಿದ್ದು 2021ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗ. ಅದುವರೆಗೆ ಸೋಂಕೂ ತಗಲದ, ಲಸಿಕೆಯನ್ನೂ ಪಡೆಯದ 36 ಆರೋಗ್ಯವಂತ ತರುಣ ತರುಣಿಯರ ಮೂಗಿಗೆ, ಅವರ ಒಪ್ಪಿಗೆಯಿಂದಲೇ, ಸಮ ಪ್ರಮಾಣದ ವೈರಾಣುವನ್ನು ಹನಿಸಲಾಯಿತು. ಲೆಕ್ಕಕ್ಕೆ ತೆಗೆದುಕೊಂಡ 34 ಮಂದಿಯಲ್ಲಿ ಸೋಂಕು ಹಿಡಿದದ್ದು 18 ಮಂದಿಗೆ ಮಾತ್ರ. ಉಳಿದವರಲ್ಲಿ, ವೈರಾಣುವಿಗೆ ಅಂಟಿ ಅದನ್ನು ತಡೆಯುವ ಪ್ರತಿಕಾಯಗಳ (ಆ್ಯಂಟಿಬಾಡಿ) ಸಹಾಯವಿಲ್ಲದೆಯೇ ವೈರಾಣು ನೆಲೆ ಕಾಣದೆ ಹೋಯಿತು. ಸೋಂಕು ಹಿಡಿದವರಲ್ಲಿ ವೈರಾಣು ಗರಿಷ್ಠ ಮಟ್ಟ ಮುಟ್ಟಿದ್ದು ಐದನೆಯ ದಿನದ ಸುಮಾರಿಗೆ. ಈ ಐದು ದಿನಗಳ ಲೆಕ್ಕ ಮುಂದೆ ಬೇಕಾಗುತ್ತದೆ.

ಇಂಟರ್ಫೆರಾನ್ ಕೈಕೊಟ್ಟರೆ ಏನಾಗುತ್ತದೆ? 2020ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಕೋವಿಡ್‌ನಿಂದ ಜೀವಾಪಾಯದ ಸ್ಥಿತಿ ತಲುಪಿದ 987 ರೋಗಿಗಳ ರಕ್ತವನ್ನು ಪರೀಕ್ಷಿಸಿತು. 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಲಕ್ಷಣವಿಲ್ಲದ ಅಥವಾ ಲಘು ಸೋಂಕಿದ್ದ 663 ಮಂದಿಯಲ್ಲಿ ಒಬ್ಬರಲ್ಲಿಯೂ ಅವು ಕಾಣಲಿಲ್ಲ. ಆ 101ರಲ್ಲಿ 95 ಮಂದಿ ಗಂಡಸರು. ಇಂತಹ ಪ್ರತಿಕಾಯಗಳು ವಯಸ್ಸಾದಂತೆ ಹೆಚ್ಚುತ್ತವೆ ಎಂಬುದೂ ನಂತರದ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. ಮೊದಲ ಅಲೆಯಲ್ಲಿ ವಯಸ್ಸಾದ ಗಂಡಸರೇ ಹೆಚ್ಚು ಬಲಿಯಾದದ್ದಕ್ಕೆ ಇದೊಂದೇ ಕಾರಣವಲ್ಲ. ಆದರೆ ಗಟ್ಟಿಮುಟ್ಟಾಗಿದ್ದವರು ಹೋಗಿಬಿಟ್ಟರಲ್ಲ ಎಂದು ಮನೆಮಂದಿ ಕಂಗಾಲಾದ ಎಷ್ಟೋ ಪ್ರಕರಣಗಳ ಹಿಂದೆ ಇಂತಹ ಕಣ್ಣಿಗೆ ಕಾಣದ ಕೊರತೆ ಇದ್ದಿರಬಹುದು. ಕಷಾಯ, ಸತುವಿನ ಮಾತ್ರೆಗಳನ್ನು ‘ಇಮ್ಯೂನಿಟಿ ಬೂಸ್ಟರ್’ ಎಂದು ಮಾರಿದ ಯಾರೂ ಇದನ್ನು ಸರಿಪಡಿಸಬಲ್ಲವರಾಗಿರಲಿಲ್ಲ.

ನೆನಪಿನ ಕೋಶಗಳಿಗೆ ಸಮಯ ಸಾಲದು

ಸಹಜ ರಕ್ಷಣೆ ವೈರಾಣುವನ್ನು ತಡೆದು ನಿಲ್ಲಿಸಲು ಹೆಣಗುತ್ತಿರುವಾಗಲೇ, ಅದರ ತುಣುಕುಗಳನ್ನು ಹೊತ್ತ ಕೋಶಗಳು ಕುತ್ತಿಗೆಯ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತಲುಪುತ್ತವೆ. ಅಲ್ಲಿರುವ ಕೋಟ್ಯಂತರ ಬಿ ಮತ್ತು ಟಿ ಎಂಬ ಬಿಳಿ ರಕ್ತಕೋಶಗಳಲ್ಲಿ ಈ ತುಣುಕಿಗೆ ಹೊಂದುವಂಥವು ಕೆಲವೇ ಕೆಲವು. ಅವು ವಿಭಜನೆಯಾಗಿ ಸಾಕಷ್ಟು ಸಂಖ್ಯೆಗೆ ಬರಬೇಕು. ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಸಹಾಯಕ ಟಿ ಕೋಶಗಳು ಅವಕ್ಕೆ ಬೆಂಬಲವಾಗಿ ನಿಲ್ಲುತ್ತವೆ. ಕೊಲ್ಲುವ ಟಿ ಕೋಶಗಳು ಸೋಂಕಿತ ಜೀವಕೋಶಗಳನ್ನು ಹುಡುಕಿ ನಾಶಪಡಿಸುತ್ತವೆ. ಮೊದಲ ಸೋಂಕಿನಲ್ಲಿ ಇದಕ್ಕೆಲ್ಲ ಒಂದರಿಂದ ಎರಡು ವಾರ ಬೇಕು. ವೈರಾಣುವಾದರೋ ಐದನೆಯ ದಿನಕ್ಕೇ ಶಿಖರ ಮುಟ್ಟಿರುತ್ತದೆ.

ಲಸಿಕೆ ಪಡೆದ ಅಥವಾ ಹಿಂದೊಮ್ಮೆ ಸೋಂಕು ತಗಲಿದ ವ್ಯಕ್ತಿಯ ಸ್ಥಿತಿ ಬೇರೆ. ಅವರಲ್ಲಿ ಈ ವೈರಾಣುವನ್ನು ಗುರುತಿಸಬಲ್ಲ ಬಿ, ಟಿ ಕೋಶಗಳು, ಅಂದರೆ ನೆನಪಿನ ಕೋಶಗಳು, ಈಗಾಗಲೇ ಇವೆ. ಅವು ಎಚ್ಚೆತ್ತು, ಹೆಚ್ಚಿ, ಕೆಲಸ ಶುರುಮಾಡಲು ಮೂರರಿಂದ ಐದು ದಿನ ಸಾಕು. ಆದರೆ ಒಮಿಕ್ರಾನ್ ವಂಶದ ತಳಿಗಳಲ್ಲಿ ಸೋಂಕು ತಗಲಿ ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಸರಾಸರಿ ಮೂರು ದಿನವಷ್ಟೇ ಹಿಡಿಯುತ್ತದೆ. ಹೀಗಾಗಿ ಮೂಗು ಗಂಟಲಿನ ಓಟದಲ್ಲಿ ವೈರಾಣುವೇ ಮುಂದೆ. ಕೆಮ್ಮು, ಜ್ವರ, ಪಾಸಿಟಿವ್ ವರದಿ ಎಲ್ಲವೂ ಬಂದೇ ಬರುತ್ತವೆ. ಶ್ವಾಸಕೋಶದ ಕಥೆ ಬೇರೆ. ಗಂಭೀರ ನ್ಯುಮೋನಿಯಾ ಬಲಿಯಬೇಕಾದರೆ ಸಾಮಾನ್ಯವಾಗಿ ಒಂದು ವಾರ ಬೇಕು. ಅಷ್ಟರಲ್ಲಿ ಟಿ ಕೋಶಗಳೂ ಹೊಸ ಪ್ರತಿಕಾಯಗಳೂ ಸಿದ್ಧವಾಗಿರುತ್ತವೆ. ಜೂನ್ 2025ರ ಅಂಕಿಅಂಶಗಳಲ್ಲಿ ಕಂಡ ವೈರುಧ್ಯಕ್ಕೆ, ಅಂದರೆ ಸೋಂಕು ಏರುತ್ತದೆ ಆದರೆ ಹಾಸಿಗೆಗಳು ತುಂಬುವುದಿಲ್ಲ ಎಂಬುದಕ್ಕೆ, ಮುಖ್ಯ ವಿವರಣೆ ಇದೇ.

ದಡಾರದ ಲಸಿಕೆ ಜೀವನಪೂರ್ತಿ ಕಾಪಾಡುತ್ತದಲ್ಲ, ಇದಕ್ಕೇನು ಬಂತು ಎಂಬ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ದಡಾರದ ವೈರಾಣು ದೇಹ ಹೊಕ್ಕ ಮೇಲೆ ದುಗ್ಧರಸ ಗ್ರಂಥಿಗಳ ಮೂಲಕ ರಕ್ತಕ್ಕೆ ಇಳಿದು ಮೈಯೆಲ್ಲ ಹರಡಬೇಕು. ಜ್ವರ ಬರುವುದಕ್ಕೆ ಹತ್ತು ದಿನಗಳ ಆಸುಪಾಸು ಹಿಡಿಯುತ್ತದೆ. ಆ ದಾರಿಯುದ್ದಕ್ಕೂ ರಕ್ತದ ಪ್ರತಿಕಾಯಗಳು ಅದನ್ನು ಎದುರಿಸುತ್ತವೆ. ನೆನಪಿನ ಕೋಶಗಳಿಗೂ ಧಾರಾಳ ಸಮಯ. ಮೇಲಾಗಿ ಅದರ ಹೊರಪದರದ ಪ್ರೋಟೀನುಗಳು ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಮೂಗಿನಲ್ಲಿಯೇ ಬೆಳೆದು ಮೂಗಿನಿಂದಲೇ ಮತ್ತೊಬ್ಬರಿಗೆ ದಾಟಿಕೊಳ್ಳುವ, ವರ್ಷ ವರ್ಷವೂ ವೇಷ ಬದಲಿಸುವ ವೈರಾಣುವಿನ ವಿರುದ್ಧದ ಲಸಿಕೆಯಿಂದ ಅದೇ ಫಲವನ್ನು ನಿರೀಕ್ಷಿಸುವುದು ಅನ್ಯಾಯ.

ಇಳಿಯುವ ಪ್ರತಿಕಾಯಗಳು

ತೋಳಿಗೆ ಹಾಕಿದ ಲಸಿಕೆ ರಕ್ತದಲ್ಲಿ ಐಜಿಜಿ ಬಗೆಯ ಪ್ರತಿಕಾಯಗಳನ್ನು ಚೆನ್ನಾಗಿ ಹುಟ್ಟಿಸುತ್ತದೆ. ಮೂಗಿನ ಲೋಳೆಪೊರೆಯನ್ನು ಕಾಯುವ ಐಜಿಎ ಬಗೆಯವು ಅದರಿಂದ ಹೆಚ್ಚು ಹುಟ್ಟುವುದಿಲ್ಲ. ಲಸಿಕೆಯಾದ ಮೊದಲ ಒಂದೆರಡು ತಿಂಗಳು ರಕ್ತದ ಪ್ರತಿಕಾಯಗಳ ಮಟ್ಟ ಎಷ್ಟು ಎತ್ತರದಲ್ಲಿರುತ್ತದೆಂದರೆ ಅವುಗಳಲ್ಲಿ ಒಂದು ಪಾಲು ಮೂಗಿಗೂ ಸೋರಿ, ಸೋಂಕನ್ನೇ ತಡೆಯುತ್ತದೆ. ಆಮೇಲೆ ಮಟ್ಟ ಇಳಿಯುತ್ತದೆ. ‘ಲಸಿಕೆಯ ಪರಿಣಾಮ ಆರು ತಿಂಗಳಿಗೆ ಮಾಯ’ ಎಂಬ ಶೀರ್ಷಿಕೆಗಳು 2021ರ ಕೊನೆಯಲ್ಲಿ ಹುಟ್ಟಿದ್ದು ಇದರಿಂದಲೇ.

ಇಳಿಕೆ ಸಹಜ. ಸೋಂಕಿನ ವೇಳೆ ತುರ್ತಾಗಿ ಹುಟ್ಟಿದ ಪ್ರತಿಕಾಯ ತಯಾರಕ ಕೋಶಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತವೆ. ಪ್ರತಿ ಸೋಂಕಿನ ಪ್ರತಿಕಾಯಗಳೂ ಹಾಗೆಯೇ ಉಳಿದಿದ್ದರೆ ನಮ್ಮ ರಕ್ತ ಅಂಬಲಿಯಾಗುತ್ತಿತ್ತು. ಒಂದು ಸಣ್ಣ ಪಾಲು ಮೂಳೆಮಜ್ಜೆ ಸೇರಿ ದೀರ್ಘಕಾಲ ಪ್ರತಿಕಾಯ ಒದಗಿಸುತ್ತದೆ. ನೆನಪಿನ ಬಿ ಕೋಶಗಳು ತಿಂಗಳುಗಟ್ಟಲೆ ತಮ್ಮ ಪ್ರತಿಕಾಯವನ್ನು ತಿದ್ದಿ ಹರಿತಗೊಳಿಸುತ್ತಲೇ ಇರುತ್ತವೆ. ಟಿ ಕೋಶಗಳ ಬಾಳಿಕೆಗೆ ಸಿಂಗಪುರದ ಉದಾಹರಣೆ ಸಾಕು: ಇನ್ನೊಂದು ಕೊರೊನಾ ವೈರಾಣು ತಂದ 2003ರ ಸಾರ್ಸ್ ರೋಗದಿಂದ ಚೇತರಿಸಿಕೊಂಡವರ ರಕ್ತವನ್ನು 17 ವರ್ಷಗಳ ಬಳಿಕ ಪರೀಕ್ಷಿಸಿದಾಗ, ಆ ವೈರಾಣುವನ್ನು ಗುರುತಿಸುವ ಟಿ ಕೋಶಗಳು ಇನ್ನೂ ಸಿಕ್ಕವು.

ಆದ್ದರಿಂದ ಪ್ರಯೋಗಾಲಯಕ್ಕೆ ಹಣ ಕೊಟ್ಟು ‘ಆ್ಯಂಟಿಬಾಡಿ ಎಷ್ಟಿದೆ’ ಎಂದು ನೋಡಿಸಿಕೊಂಡು, ಆ ಅಂಕಿಯ ಮೇಲೆ ಧೈರ್ಯವನ್ನೋ ಭಯವನ್ನೋ ಕಟ್ಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಪರೀಕ್ಷೆ ನೆನಪಿನ ಕೋಶಗಳನ್ನು ಎಣಿಸುವುದಿಲ್ಲ, ಟಿ ಕೋಶಗಳನ್ನು ಮುಟ್ಟುವುದೇ ಇಲ್ಲ.

ತಳಿ ಬದಲಾದರೂ ಪೂರ್ತಿ ಅಪರಿಚಿತವಲ್ಲ

2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾಗಳಿಂದ ವರದಿಯಾದ ಒಮಿಕ್ರಾನ್, ಡಿಸೆಂಬರ್ 2ರಂದು ಭಾರತದಲ್ಲಿ ಮೊದಲು ದೃಢಪಟ್ಟದ್ದು ಬೆಂಗಳೂರಿನಲ್ಲಿ. ಅದರ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಹಲವು ಬದಲಾವಣೆಗಳು ಪ್ರತಿಕಾಯಗಳು ಅಂಟಿಕೊಳ್ಳುವ ಜಾಗದಲ್ಲಿಯೇ. ಹಳೆಯ ಪ್ರತಿಕಾಯಗಳ ಹಿಡಿತ ತಪ್ಪಿತು. ಎರಡು ಡೋಸ್ ಪಡೆದವರೂ ಜನವರಿ 2022ರಲ್ಲಿ ಸಾಲುಸಾಲಾಗಿ ಮಲಗಿದರು.

ಟಿ ಕೋಶಗಳು ನೋಡುವ ರೀತಿಯೇ ಬೇರೆ. ಅವಕ್ಕೆ ಸ್ಪೈಕ್‌ನ ಹೊರ ಆಕಾರ ಬೇಕಿಲ್ಲ. ಸೋಂಕಿತ ಜೀವಕೋಶ ವೈರಾಣುವಿನ ಪ್ರೋಟೀನುಗಳನ್ನು ಕತ್ತರಿಸಿ ಮೇಲ್ಮೈಯಲ್ಲಿ ಹಿಡಿದು ತೋರಿಸುವ ಪುಟ್ಟ ತುಣುಕುಗಳನ್ನು ಅವು ಓದುತ್ತವೆ. 30 ಕಡೆ ಬದಲಾದರೂ ಸ್ಪೈಕ್‌ನ 1,270ಕ್ಕೂ ಹೆಚ್ಚು ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ಮೊದಲಿನಂತೆಯೇ ಇದ್ದವು. ದಕ್ಷಿಣ ಆಫ್ರಿಕಾದ ಸಂಶೋಧಕರು ಅಳೆದಾಗ, ಹಿಂದಿನ ಟಿ ಕೋಶ ಪ್ರತಿಕ್ರಿಯೆಯ ಶೇ 70ರಿಂದ 80ರಷ್ಟು ಒಮಿಕ್ರಾನ್ ವಿರುದ್ಧವೂ ಉಳಿದುಕೊಂಡಿತ್ತು. ಒಮಿಕ್ರಾನ್ ‘ಸೌಮ್ಯ’ ಎಂದು ಆಗ ಹೊಗಳಿದ್ದರಲ್ಲಿ ಅರ್ಧ ಶ್ರೇಯ ಇದಕ್ಕೆ ಸಲ್ಲಬೇಕು. ವೃದ್ಧರಲ್ಲಿ ಲಸಿಕೆ ಪ್ರಮಾಣ ಕಡಿಮೆಯಿದ್ದ ಹಾಂಕಾಂಗ್‌ನಲ್ಲಿ 2022ರ ಮಾರ್ಚ್ ಹೊತ್ತಿಗೆ ಅದೇ ಸೌಮ್ಯ ತಳಿ ಸಾವಿರಾರು ಜನರನ್ನು ಕೊಂದಿತು. 2025ರಲ್ಲಿ ಸುದ್ದಿ ಮಾಡಿದ ಉಪತಳಿಗಳೆಲ್ಲ ಇದೇ ಒಮಿಕ್ರಾನ್ ಕುಲದ ಕುಡಿಗಳು.

ಹಳೆಯ ನೆಗಡಿಗಳು ಮೊದಲೇ ಹೇಳಿದ್ದವು

ಮರುಸೋಂಕು ಅನಿರೀಕ್ಷಿತವೇನಾಗಿರಲಿಲ್ಲ. 229ಇ, ಎನ್‌ಎಲ್63, ಓಸಿ43, ಎಚ್‌ಕೆಯು1 ಎಂಬ ನಾಲ್ಕು ಕೊರೊನಾ ವೈರಾಣುಗಳು ಬಹುಕಾಲದಿಂದ ನಮಗೆ ನೆಗಡಿ ತರುತ್ತಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತು ಮಂದಿ ಗಂಡಸರಿಂದ ದಶಕಗಳ ಕಾಲ ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು 2020ರಲ್ಲಿ ಪರೀಕ್ಷಿಸಿದಾಗ, ಒಂದೇ ವೈರಾಣು ಹನ್ನೆರಡು ತಿಂಗಳಿಗೇ ಮತ್ತೆ ತಗಲುವುದು ಸಾಮಾನ್ಯವೆಂದು ತಿಳಿಯಿತು. ಅದಕ್ಕೂ ಮೊದಲು, 1990ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ 229ಇ ಸೋಂಕು ಕೊಟ್ಟ ಸ್ವಯಂಸೇವಕರಿಗೆ ಒಂದು ವರ್ಷದ ಬಳಿಕ ಅದೇ ವೈರಾಣುವನ್ನು ಮತ್ತೆ ಕೊಟ್ಟರು. ಹೆಚ್ಚಿನವರಿಗೆ ಸೋಂಕು ತಗಲಿತು, ಆದರೆ ಯಾರಿಗೂ ನೆಗಡಿಯಾಗಲಿಲ್ಲ. ಸೋಂಕಿನ ತಡೆ ಬೇಗ ಕರಗುತ್ತದೆ, ರೋಗದ ತಡೆ ಉಳಿಯುತ್ತದೆ ಎಂಬ ಸಂಗತಿ ಮೂವತ್ತು ವರ್ಷ ಮೊದಲೇ ದಾಖಲಾಗಿತ್ತು.

ಈ ಮೊದಲ ಭಾಗವನ್ನು ಮರೆತವರು ದುಬಾರಿ ಬೆಲೆ ತೆತ್ತರು. 2020ರ ಅಕ್ಟೋಬರ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ ಹೊರಡಿಸಿದ ವಿಜ್ಞಾನಿಗಳು, ಅಪಾಯ ಕಡಿಮೆಯಿರುವವರಿಗೆ ಸೋಂಕು ಹರಡಲು ಬಿಟ್ಟು ಸಮುದಾಯ ರೋಗನಿರೋಧಕತೆ ಗಳಿಸೋಣ ಎಂದರು. ಅದಕ್ಕೆ ಎದುರಾಗಿ ಇತರ ವಿಜ್ಞಾನಿಗಳು ಹೊರಡಿಸಿದ ಜಾನ್ ಸ್ನೋ ಮನವಿಗೆ ಸಹಿ ಹಾಕಿದವರು, ಆ ರೋಗನಿರೋಧಕತೆ ಎಷ್ಟು ದಿನ ನಿಲ್ಲುತ್ತದೆಂದು ತಿಳಿಯದೆ ಜನರನ್ನು ಪಣಕ್ಕಿಡಬೇಡಿ ಎಂದು ಎದುರಾಡಿದರು. ಬ್ರೆಜಿಲ್‌ನ ಮನೌಸ್ ನಗರದಲ್ಲಿ ಆ ಅಕ್ಟೋಬರ್ ವೇಳೆಗೆ ಶೇ 76ರಷ್ಟು ಜನ ಸೋಂಕಿತರಾಗಿದ್ದರೆಂಬ ಅಂದಾಜಿತ್ತು. ಜನವರಿಯಲ್ಲಿ ಗಾಮಾ ತಳಿ ಹಬ್ಬಿ, ಅದೇ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದುಹೋಯಿತು. ಆ ಅಂದಾಜು ಹೆಚ್ಚಾಗಿದ್ದಿರಬಹುದು ಎಂಬ ತಕರಾರು ಇದೆ. ಆದರೂ ಲಸಿಕೆಗೆ ಮೊದಲು ಸೋಂಕನ್ನೇ ದಾರಿಯಾಗಿ ಮಾಡಿಕೊಳ್ಳುವ ವಾದ ಅಲ್ಲಿಗೇ ಬಿದ್ದುಹೋಯಿತೆಂದು ನನ್ನ ಎಣಿಕೆ.

ರಕ್ಷಣೆಯೇ ಹಾನಿಯಾದಾಗ

ಮೊದಲ ದಿನಗಳಲ್ಲಿ ಇಂಟರ್ಫೆರಾನ್ ತಡವಾದರೆ ವೈರಾಣುವಿನ ಪ್ರಮಾಣ ಬೆಳೆಯುತ್ತದೆ. ಹಾನಿಗೊಂಡ ಜೀವಕೋಶಗಳು ಹೆಚ್ಚಿದಷ್ಟೂ ರೋಗನಿರೋಧಕ ವ್ಯವಸ್ಥೆ ತಡವಾಗಿಯಾದರೂ ವಿಪರೀತ ರಭಸದಿಂದ ಎದ್ದೇಳುತ್ತದೆ. ಐಎಲ್-6ರಂತಹ ಉರಿಯೂತದ ಸಂಕೇತಗಳು ರಕ್ತದಲ್ಲಿ ಏರುತ್ತವೆ. ಶ್ವಾಸಕೋಶದ ಗಾಳಿಚೀಲಗಳಿಗೆ ದ್ರವ ಸೋರುತ್ತದೆ, ಸೂಕ್ಷ್ಮ ರಕ್ತನಾಳಗಳಲ್ಲಿ ಹೆಪ್ಪುಗಳು ಮೂಡುತ್ತವೆ. ಎರಡನೆಯ ವಾರದಲ್ಲಿ ಉಸಿರು ಕಟ್ಟುವ ರೋಗಿಯಲ್ಲಿ ವೈರಾಣು ಆಗಲೇ ಇಳಿಮುಖವಾಗಿರುತ್ತದೆ. ಅವರನ್ನು ಕೊಲ್ಲುವುದು ಬಹುಮಟ್ಟಿಗೆ ತಮ್ಮದೇ ಉರಿಯೂತ.

ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ ರೋಗಿಗಳ ಮೇಲೆ ನಡೆದ ‘ರಿಕವರಿ’ ಎಂಬ ಔಷಧ ಪ್ರಯೋಗ 2020ರ ಜೂನ್‌ನಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೆಯ ಸ್ಟೆರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿಲ್ಲದಿದ್ದವರಿಗೆ ಅದೇ ಔಷಧಿಯಿಂದ ಪ್ರಯೋಜನವಾಗಲಿಲ್ಲ. ಅವರಲ್ಲಿ ಸಾವಿನ ಪ್ರಮಾಣ ತುಸು ಹೆಚ್ಚೇ ಕಂಡಿತು. ಅಕ್ಕಿ ಬೇಯುವ ಮೊದಲೇ ಒಲೆ ಆರಿಸಿದರೆ ಅನ್ನವಾಗದು, ಬೆಂದ ಮೇಲೂ ಉರಿ ತಗ್ಗಿಸದಿದ್ದರೆ ತಳ ಹಿಡಿಯದೆ ಬಿಡದು. ಸ್ಟೆರಾಯ್ಡ್ ಉರಿ ತಗ್ಗಿಸುವ ಔಷಧಿ. ಮೊದಲ ವಾರದಲ್ಲಿ ಕೊಟ್ಟರೆ ಅದು ಬೇಕಾದ ರಕ್ಷಣೆಯನ್ನೇ ಅಡಗಿಸುತ್ತದೆ.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ನಡೆದದ್ದೇನು? ಜ್ವರದ ಎರಡನೆಯ ದಿನಕ್ಕೇ ಸ್ಟೆರಾಯ್ಡ್ ಮಾತ್ರೆಯಿದ್ದ ಚೀಟಿಗಳು ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತಿದವು. ಮಧುಮೇಹ ವ್ಯಾಪಕವಾಗಿರುವ ದೇಶದಲ್ಲಿ ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸಿತು, ರಕ್ಷಣಾ ಕೋಶಗಳನ್ನು ಕುಂದಿಸಿತು. ಸಾಮಾನ್ಯವಾಗಿ ತಂಟೆ ಮಾಡದ ಬೂಷ್ಟಿನ ಜಾತಿಯ ಶಿಲೀಂಧ್ರ ಮೂಗು, ಕಣ್ಣು, ಮಿದುಳಿಗೆ ನುಗ್ಗಿತು. ಬ್ಲ್ಯಾಕ್ ಫಂಗಸ್ ಎಂದು ನಾವು ಕರೆದ ಆ ಪಿಡುಗಿನಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಕೋವಿಡ್ ಅನ್ನು ಗೆದ್ದವರಾಗಿದ್ದರು.

ಹಾಸನದ ಪ್ರಶ್ನೆ

2025ರ ಜೂನ್, ಜುಲೈ ವೇಳೆಗೆ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ 20ಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ವರದಿಯಾದಾಗ, ತರಾತುರಿಯಲ್ಲಿ ಅನುಮತಿ ಪಡೆದ ಲಸಿಕೆಯೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಶಂಕೆ ವ್ಯಕ್ತಪಡಿಸಿದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅಲ್ಲಗಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಗೂ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ನಂಟು ಕಾಣಲಿಲ್ಲ.

ಶಂಕೆಯನ್ನು ಗದರಿಸಿ ಸುಮ್ಮನಾಗಿಸುವುದಕ್ಕಿಂತ ಕಾರ್ಯಕಾರಣ ನೋಡುವುದು ಲೇಸು. ಕೋವಿಶೀಲ್ಡ್ ಬಗೆಯ ಲಸಿಕೆ ಅತಿ ವಿರಳವಾಗಿ ಹೆಪ್ಪುಗಟ್ಟುವ ತೊಂದರೆ ತರುತ್ತದೆ ಎಂಬುದು ನಿಜ. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳಿಗೆ (ಪ್ಲೇಟ್‌ಲೆಟ್) ಸಂಬಂಧಿಸಿದ ಪಿಎಫ್4 ಎಂಬ ಪ್ರೋಟೀನಿನ ವಿರುದ್ಧ ದೇಹ ತಪ್ಪಾಗಿ ಪ್ರತಿಕಾಯ ಮಾಡುವುದು ಅದಕ್ಕೆ ಕಾರಣ. ಆದರೆ ಆ ಪ್ರತಿಕ್ರಿಯೆ ಲಸಿಕೆಯಾದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ವರ್ಷ ಅಡಗಿ ಕುಳಿತು ಒಂದೇ ಜಿಲ್ಲೆಯಲ್ಲಿ ಎದ್ದೇಳುವುದಿಲ್ಲ. ಹೃದಯ ಸ್ನಾಯುವಿನ ಉರಿಯೂತ ಹೆಚ್ಚಾಗಿ ವರದಿಯಾದದ್ದು ಫೈಜರ್, ಮಾಡರ್ನಾ ಬಗೆಯ ಎಂಆರ್‌ಎನ್‌ಎ ಲಸಿಕೆಗಳಲ್ಲಿ. ನಮ್ಮ ಸಾರ್ವಜನಿಕ ಅಭಿಯಾನ ನಡೆದದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿದಾಗ, ಎರಡು ಡೋಸ್ ಪಡೆದವರಲ್ಲಿ ಅಪಾಯ ಸುಮಾರು ಅರ್ಧದಷ್ಟು ಕಡಿಮೆಯಿತ್ತು. ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದವರಲ್ಲಿ ಹೆಚ್ಚಿತ್ತು. ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರಾದ್ದರಿಂದ, ಆ ‘ಅರ್ಧ’ವನ್ನು ಪೂರ್ತಿ ಲಸಿಕೆಯ ಖಾತೆಗೆ ಬರೆಯಬಾರದು. ಲಸಿಕೆಯೇ ಕೊಂದಿತು ಎನ್ನುವುದಕ್ಕಂತೂ ಅದರಲ್ಲಿ ಜಾಗವಿಲ್ಲ.

ಮುಂದೆ ಯಾರಿಗೆ, ಏನು?

ಎಲ್ಲರಿಗೂ ಪದೇಪದೇ ಬೂಸ್ಟರ್ ಬೇಕೇ ಎಂಬ ಚರ್ಚೆಯಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ. ಬೇಕೆನ್ನುವವರು ಕೆಲ ತಿಂಗಳ ಸೋಂಕಿನ ತಡೆಯೂ ಲಾಭವೇ ಎನ್ನುತ್ತಾರೆ. ಬೇಡವೆನ್ನುವವರು ಆರೋಗ್ಯವಂತ ಯುವಕರಿಗೆ ಅದರಿಂದ ಸಿಗುವುದು ಅಲ್ಪ ಎನ್ನುತ್ತಾರೆ. ಹಳೆಯ ತಳಿಯ ಲಸಿಕೆಯನ್ನೇ ಮತ್ತೆ ಹಾಕಿದರೆ ನೆನಪಿನ ಕೋಶಗಳು ಹಳೆಯ ಪ್ರತಿಕಾಯವನ್ನೇ ತಯಾರಿಸುವ ತೊಡಕೂ ಇದೆ. ಈ ಕಾರಣಕ್ಕೇ 2023ರಿಂದ ವಿಶ್ವ ಆರೋಗ್ಯ ಸಂಸ್ಥೆ ವುಹಾನ್ ತಳಿಯನ್ನು ಕೈಬಿಟ್ಟು ಹೊಸ ತಳಿಯ ಲಸಿಕೆಗಳನ್ನು ಶಿಫಾರಸು ಮಾಡುತ್ತಿದೆ. ಮೂಗಿನಲ್ಲಿಯೇ ಐಜಿಎ ಹುಟ್ಟಿಸುವ ಲಸಿಕೆ ಸೈದ್ಧಾಂತಿಕವಾಗಿ ಸರಿಯಾದ ಉತ್ತರ. ಭಾರತ್ ಬಯೋಟೆಕ್‌ನ ಇನ್‌ಕೋವ್ಯಾಕ್, ಪ್ರತಿ ಹೊಳ್ಳೆಗೆ ನಾಲ್ಕು ಹನಿಯ ಲಸಿಕೆ, 2023ರ ಜನವರಿ 26ರಂದು ಬಿಡುಗಡೆಯಾಯಿತು. ಅಷ್ಟರಲ್ಲಿ ಜನರಿಗೆ ಲಸಿಕೆಯ ಆಸಕ್ತಿಯೇ ಹೋಗಿತ್ತು. ಅದು ಸೋಂಕಿನ ಹರಡುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಜನಸಮೂಹದಲ್ಲಿ ಅಳೆಯುವ ಅವಕಾಶವೂ ಹಾಗೆಯೇ ತಪ್ಪಿತು.

ವಯಸ್ಸಾದಂತೆ ಹೊಸ ಟಿ ಕೋಶಗಳನ್ನು ಪಳಗಿಸುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತೆಗೆದುಕೊಳ್ಳುವ ಔಷಧಿಗಳು ಪ್ರತಿಕ್ರಿಯೆಯನ್ನು ತಗ್ಗಿಸುತ್ತವೆ. ಇಂಥವರಲ್ಲಿ ಶ್ವಾಸಕೋಶದ ಎರಡನೆಯ ಓಟವೂ ಸೋಲಿನಲ್ಲಿ ಮುಗಿಯಬಹುದು. ವೈರಾಣು ನಿರೋಧಕ ಮಾತ್ರೆಗಳು ಫಲ ಕೊಡುವುದು ಲಕ್ಷಣ ಕಂಡ ಮೊದಲ ಐದು ದಿನಗಳಲ್ಲಿ ಶುರುಮಾಡಿದರೆ. ಹಾಗಾಗಿ ಅವರ ಮನೆಯಲ್ಲಿ ಕೆಮ್ಮು ಶುರುವಾದ ದಿನವೇ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣುವುದಕ್ಕೆ ಅರ್ಥವಿದೆ. ಆರೋಗ್ಯ ಇಲಾಖೆಯ ದೈನಿಕ ವರದಿಯಲ್ಲಿಯೂ ಒಟ್ಟು ಪಾಸಿಟಿವ್ ಸಂಖ್ಯೆಯ ಬದಲು, ಆಸ್ಪತ್ರೆ ಸೇರಿದ 60 ದಾಟಿದವರ ಸಂಖ್ಯೆಯನ್ನು ಮೊದಲ ಸಾಲಿನಲ್ಲಿ ಕೊಟ್ಟರೆ, ಮುಂದಿನ ಉಪತಳಿಯ ಹೆಸರು ಪರದೆಯ ಮೇಲೆ ಬಂದಾಗ ಯಾರು ಎಚ್ಚರವಾಗಿರಬೇಕು ಎಂಬುದು ಓದುವವರಿಗೆ ತಿಳಿಯುತ್ತದೆ.